ಒಂದು ಊರು, ಮೂರು ತಾಲ್ಲೂಕು: ಪದವಿ ಪಾಠದಲ್ಲಿ ಸಮಾಜದ ಅಂಕಿ-ಅಂಶ

ಜನರ ಸಂಖ್ಯೆ, ಕಸುಬು, ಓದು, ಹೊಲದ ವಿಸ್ತೀರ್ಣ, ಮನೆಯ ಖರ್ಚು ಮುಂತಾದವನ್ನು ಎಣಿಸಿ ಇಲ್ಲವೆ ಅಳೆದು ಸಂಖ್ಯೆಯಲ್ಲಿ ದಾಖಲಿಸಿದ ಮಾಹಿತಿಗೆ ಸಮಾಜವಿಜ್ಞಾನದಲ್ಲಿ ಪರಿಮಾಣಾತ್ಮಕ ದತ್ತಾಂಶ ಎನ್ನಲಾಗುತ್ತದೆ. ಆಳುವವರ ಅಗತ್ಯಕ್ಕಾಗಿ ಹುಟ್ಟಿದ ಈ ಮಾಹಿತಿ ಪದವಿ ವಿದ್ಯಾರ್ಥಿಗಳ ಕಲಿಕೆಯ ಸಾಮಗ್ರಿಯಾಗಿ ಬೆಳೆದುಬಂದ ಬಗೆಯನ್ನು ಬೆಳಗಾವಿ ಸೀಮೆಯ ಉದಾಹರಣೆಗಳೊಂದಿಗೆ ನೋಡಿದರೆ, ಸಂಖ್ಯೆಯನ್ನು ಓದುವುದಕ್ಕಿಂತ ಮೊದಲು ಅದನ್ನು ಯಾರು, ಯಾರಿಂದ, ಯಾವ ಪ್ರಶ್ನೆ ಕೇಳಿ ಪಡೆದರು ಎಂಬುದನ್ನು ತಿಳಿಯಬೇಕೆಂಬ ಪಾಠ ಮೇಲೆದ್ದು ಬರುತ್ತದೆ.

ಖಾನೇಷುಮಾರಿ ಎಂದು ಹಿಂದೆ ಕರೆಯಲಾಗುತ್ತಿದ್ದ ಜನಗಣತಿ ಮುಂಬಯಿ ಪ್ರಾಂತದಲ್ಲಿ 1872ರಲ್ಲಿ ನಡೆಯಿತು. 1876–78ರ ಭೀಕರ ಬರದ ಬಳಿಕ, 1881ರ ಎಣಿಕೆಯಲ್ಲಿ, ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಹಿಂದಿನದಕ್ಕಿಂತ ಇಳಿದು 8,64,014 ಆಗಿತ್ತು. ಜೇಮ್ಸ್ ಕ್ಯಾಂಪ್‌ಬೆಲ್ ಅವರ ಸಂಪಾದಕತ್ವದಲ್ಲಿ 1884ರಲ್ಲಿ ಹೊರಬಂದ ಬೆಳಗಾವಿ ಗೆಜೆಟಿಯರ್ ಇಂಥ ಲೆಕ್ಕಗಳನ್ನು ಬೆಳೆ, ಕಂದಾಯ ಮತ್ತು ಜಾತಿಗಳ ವಿವರಗಳೊಡನೆ ಒಂದೇ ಸಂಪುಟದಲ್ಲಿ ಸೇರಿಸಿತಾದರೂ, ಆ ಕೋಷ್ಟಕಗಳು ಮುಖ್ಯವಾಗಿ ಅಧಿಕಾರಿಗಳ ಕೈಪಿಡಿಗಳಾಗಿದ್ದವು. 1901ರ ಎಣಿಕೆಯೂ ಹಿಂದಿನ ದಶಕಕ್ಕಿಂತ ಸುಮಾರು ಶೇಕಡಾ 2ರಷ್ಟು ಕುಸಿದು 9,93,976ಕ್ಕೆ ನಿಂತಿತು; ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಮಾತ್ರ ಆ ಒಂದು ಶೇಕಡಾವಾರು ಹೇಳಲಾರದು.

ಎಣಿಕೆಯ ಕೆಲಸ ವಿದ್ಯಾರ್ಥಿಗಳ ಕೈಗೆ ಬಂದುದು ಮದರಾಸಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ 1916ರಲ್ಲಿ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು ಅವರವರ ಊರುಗಳಿಗೆ ಕಳುಹಿಸಿದರು. ಅವರು ತಂದ ವಿವರಗಳು 1918ರಲ್ಲಿ ಪುಸ್ತಕವಾದವು, ಅದೇ ಹಳ್ಳಿಗಳ ಸಮೀಕ್ಷೆ 1930ರ ದಶಕದಲ್ಲಿ ಮತ್ತೊಮ್ಮೆ ನಡೆಯಿತು. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದ ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮ್ಯಾನ್ 1917ರಲ್ಲಿ ಪ್ರಕಟಿಸಿದ ಪಿಂಪಳೆ ಸೌದಾಗರ ಗ್ರಾಮದ ಅಧ್ಯಯನವು, 1771ರಲ್ಲಿ ಸುಮಾರು 40 ಎಕರೆಯಿದ್ದ ಸರಾಸರಿ ಹಿಡುವಳಿ 1914–15ರ ವೇಳೆಗೆ 7 ಎಕರೆಗೆ ಇಳಿದುದನ್ನು ತೋರಿಸಿತು.

ಸರಾಸರಿಯೂ ಎಚ್ಚರದಿಂದ ಬಳಸಬೇಕಾದ ಅಳತೆ. ಹತ್ತು ರೈತರಲ್ಲಿ ಒಂಬತ್ತು ಮಂದಿಗೆ ತಲಾ 2 ಎಕರೆ, ಒಬ್ಬರಿಗೆ 42 ಎಕರೆ ಇದೆಯೆಂದು ಭಾವಿಸಿದರೆ ಸರಾಸರಿ 6 ಎಕರೆ ಬರುತ್ತದೆ, ಆದರೆ 6 ಎಕರೆಯ ರೈತ ಅಲ್ಲಿ ಒಬ್ಬನೂ ಇರುವುದಿಲ್ಲ. ಎಲ್ಲರನ್ನೂ ಹಿಡುವಳಿಯ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ಆರಿಸುವ ಮಧ್ಯಾಂಕವು 2 ಎಕರೆ ಎಂದು ತೋರಿಸಿ, ಊರಿನ ಸ್ಥಿತಿಗೆ ಹೆಚ್ಚು ಹತ್ತಿರವಾಗುತ್ತದೆ.

ಸ್ವಾತಂತ್ರ್ಯಾನಂತರ, ಎಲ್ಲರನ್ನೂ ಕೇಳದೆ ಕ್ರಮಬದ್ಧವಾಗಿ ಆರಿಸಿದ ಕೆಲವು ಮನೆಗಳಿಂದ ಇಡೀ ಜನಸಮುದಾಯದ ಸ್ಥಿತಿಯನ್ನು ಅಂದಾಜಿಸುವ ಮಾದರಿ ಸಮೀಕ್ಷೆಗೆ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ನೇತೃತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಬಲ ತಂದಿತು. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ 1951–52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ವರದಿ 1961ರಲ್ಲಿ ಪ್ರಕಟವಾಯಿತು. ಸಂಗ್ರಹಿಸಿದ ದತ್ತಾಂಶವನ್ನು ಕಾಪಿಟ್ಟು ಬೇರೆ ವಿದ್ವಾಂಸರಿಗೂ ಶಿಕ್ಷಕರಿಗೂ ಹಂಚುವ ಕೇಂದ್ರಗಳು ಅಮೆರಿಕದ ಮಿಷಿಗನ್‌ನಲ್ಲಿ 1962ರಲ್ಲಿ, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 1967ರಲ್ಲಿ ತಲೆಯೆತ್ತಿದವು. ಭಾರತದಲ್ಲಿ 2004–05ರಲ್ಲಿ 41,554 ಕುಟುಂಬಗಳನ್ನು ಸಂದರ್ಶಿಸಿದ ಮಾನವ ಅಭಿವೃದ್ಧಿ ಸಮೀಕ್ಷೆಯು, ಹೆಸರು-ವಿಳಾಸ ತೆಗೆದ ಕುಟುಂಬವಾರು ವಿವರವನ್ನೇ ಸಾರ್ವಜನಿಕರಿಗೆ ಒದಗಿಸಿದ್ದರಿಂದ, ಸಿದ್ಧ ಕೋಷ್ಟಕವನ್ನು ಓದುವುದಷ್ಟೇ ಅಲ್ಲದೆ ತಾವೇ ಕೋಷ್ಟಕ ಕಟ್ಟುವ ಅವಕಾಶ ವಿದ್ಯಾರ್ಥಿಗಳಿಗೆ ದೊರೆಯಿತು.

ಹೀಗೆ ಕೋಷ್ಟಕ ಹಿಡಿದು ಕಲಿಯುವ ವಿಧಾನವನ್ನು ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಹೆಸರಾದ, ಬೆಳಗಾವಿ ಜಿಲ್ಲೆಯ ದೇಗಾಂವಕ್ಕೆ ಅನ್ವಯಿಸಿದರೆ ಮೊದಲ ತೊಡಕು ಊರಿನ ವಿಳಾಸದಲ್ಲೇ ಎದುರಾಗುತ್ತದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಅದು ಸಂಪಗಾಂವ ತಾಲ್ಲೂಕಿನಲ್ಲಿ, 2011ರ ಜನಗಣತಿಯಲ್ಲಿ ಬೈಲಹೊಂಗಲದಲ್ಲಿ, ಇಂದು ಕಿತ್ತೂರಿನಲ್ಲಿ ಇರುವುದರಿಂದ ತಾಲ್ಲೂಕುವಾರು ಸಂಖ್ಯೆಗಳನ್ನು ನೇರವಾಗಿ ಹೋಲಿಸಿದವರಿಗೆ ಗಡಿಯ ಬದಲಾವಣೆಯೇ ಜನಸಂಖ್ಯೆಯ ಬದಲಾವಣೆಯಾಗಿ ಕಾಣಬಹುದು. ಗ್ರಾಮವಾರು ಕೋಷ್ಟಕವನ್ನು ಹಿಡಿದು ಹೊರಟವರಿಗೆ ಆ ಭ್ರಮೆಯಾಗದು.

ಎರಡನೆಯ ತೊಡಕು ದುಡಿಮೆಯ ಕಲಮಿನಲ್ಲಿದೆ. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ದುಡಿದವರನ್ನು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ದುಡಿಮೆಗಾರರು ಎಂದು ಜನಗಣತಿ ವಿಂಗಡಿಸುತ್ತದೆ, ಕೂಲಿಯಿಲ್ಲದೆ ಸ್ವಂತ ಹೊಲದಲ್ಲಿ ಮಾಡಿದ ಕೆಲಸವನ್ನೂ ದುಡಿಮೆಯೆಂದೇ ಪರಿಗಣಿಸುತ್ತದೆ. ಆದರೂ ಹತ್ತಿ ಬಿಡಿಸಿ, ಜೋಳದ ಹೊಲದಲ್ಲಿ ಕಳೆ ತೆಗೆದು ಬಂದ ಹೆಣ್ಣುಮಗಳು, ಏನು ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆಗೆ “ಏನಿಲ್ರಿ, ಮನ್ಯಾಗ ಇರತೇನ್ರಿ” ಎಂದು ಉತ್ತರಿಸಿ, ಗಣತಿದಾರ ಇನ್ನೊಂದು ಮಾತು ಕೇಳದೆ ಬರೆದುಕೊಂಡರೆ, ಆಕೆ ಕೋಷ್ಟಕದಲ್ಲಿ ದುಡಿಯದವಳಾಗಿ ಉಳಿಯುತ್ತಾಳೆ. ಗಣತಿದಾರನ ಪ್ರಶ್ನೆಯನ್ನು ಒಮ್ಮೆ ತಾನೇ ಕೇಳಿ ನೋಡಿದ ವಿದ್ಯಾರ್ಥಿಗೆ ಈ ದೋಷ ಹುಟ್ಟುವ ಜಾಗ ತಾನಾಗಿ ತಿಳಿಯುತ್ತದೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವಾಗಿ ನಿಗದಿಯಾಗಿದೆ. ಈ ಭಾಗದ ಪದವಿ ಕಾಲೇಜುಗಳು 2011ರ ಗ್ರಾಮವಾರು ಕೋಷ್ಟಕಗಳನ್ನು ಈಗಲೇ ತರಗತಿಗೆ ತಂದು, ಪ್ರತಿ ವಿದ್ಯಾರ್ಥಿಯಿಂದ ಅವರವರ ಊರಿನ ಒಂದು ಪುಟವನ್ನು ಓದಿಸಿ, ತಿದ್ದಿಸಿ, ಪ್ರಶ್ನಿಸುವಂತೆ ಮಾಡುವುದನ್ನು ರೂಢಿಸುವುದು ಒಳಿತು. ಹೊಸ ಕೋಷ್ಟಕ ಬಂದಾಗ ಹೋಲಿಸಿ ನೋಡಲು ಹಳೆಯದನ್ನು ಬಲ್ಲವರು ಪ್ರತಿ ಊರಿನಲ್ಲೂ ಇರಬೇಕು.