ಅಮ್ಮ ಬಂದ ಮನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಊರಮ್ಮನ ಗುಡಿಯೋ ಮಾರಮ್ಮನ ಕಟ್ಟೆಯೋ ಇಲ್ಲದ ಹಳ್ಳಿ ಅಪರೂಪ. 18ನೆಯ ಶತಮಾನದಲ್ಲಿ ಇಲ್ಲಿ ಪಾಳೆಯಗಾರರು, ಮರಾಠರು, ಹೈದರ್, ಟಿಪ್ಪು, ನಿಜಾಮ ಹೀಗೆ ಯಾರ ದಂಡು ಬಂದು ಹೋದರೂ ಸಿಡುಬು ಮಾತ್ರ ತಪ್ಪುತ್ತಿರಲಿಲ್ಲ.

ಮಗುವಿನ ಮೈಮೇಲೆ ಸಿಡುಬಿನ ಗುಳ್ಳೆ ಎದ್ದರೆ, ಆ ದೇವತೆಯೇ ಬಂದಳೆಂದು, ‘ಅಮ್ಮ ಬಂದಾಳ’ ಎನ್ನುತ್ತಿದ್ದರು. ಅಮ್ಮ ಬಂದ ಮನೆಗೆ ಅದರದೇ ಕಟ್ಟುಪಾಡು. ಬಾಗಿಲಿಗೆ ಬೇವಿನ ತೊಂಗಲು, ಹೊರಗಿನವರಿಗೆ ಪ್ರವೇಶವಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ. ಉಣ್ಣಲು ತಣ್ಣನೆಯ ಅಂಬಲಿ, ಮಜ್ಜಿಗೆ. ಹಕ್ಕಳೆ ಉದುರಿದ ಮೇಲೆ ಬೇವಿನ ನೀರು ಎರೆದು, ಅಮ್ಮನಿಗೆ ಮೊಸರನ್ನದ ಎಡೆ. ನಮ್ಮ ಅಜ್ಜಿಯಂದಿರ ಕಾಲದವರೆಗೂ ಇದು ಉಳಿದುಬಂತು. ಇದನ್ನು ಬರಿಯ ಮೂಢನಂಬಿಕೆ ಎನ್ನಲು ನನಗೆ ಮನಸ್ಸಿಲ್ಲ. ಸಿಡುಬಿಗೆ ಆಗ ಜಗತ್ತಿನಲ್ಲೆಲ್ಲೂ ಮದ್ದಿರಲಿಲ್ಲ. ಲಂಡನ್ನಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು. ಮಗುವನ್ನು ಬೇರೆ ಇರಿಸಿ, ತಂಪಾಗಿ, ಚೊಕ್ಕಟವಾಗಿ ನೋಡಿಕೊಳ್ಳುವುದೇ ಆಗ ಸಾಧ್ಯವಿದ್ದ ಒಳ್ಳೆಯ ಚಿಕಿತ್ಸೆ. ಅದನ್ನು ಮನೆಮನೆಗೂ ತಪ್ಪದಂತೆ ಮಾಡಿಸಿದ್ದು ಭಕ್ತಿ. ಆದರೆ ಅದೇ ಭಕ್ತಿ, ಮದ್ದು ಮುಟ್ಟಿಸಿದರೆ ಅಮ್ಮ ಮುನಿಯುತ್ತಾಳೆ ಎಂದು ಕೈಕಟ್ಟಿ ಕೂರಿಸಿದ್ದೂ ಉಂಟು.

ಮತಧರ್ಮ ಒಂದು ಕಡೆ, ವೈದ್ಯ ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಬರುವುದಿಲ್ಲ. ಬಂಗಾಳದಲ್ಲಿ ಹಿಂದಿನ ವರ್ಷದ ಗುಳ್ಳೆಯ ಕೀವನ್ನು ಗಂಗಾಜಲದಲ್ಲಿ ನೆನೆಸಿ, ಪೂಜೆ ಮಾಡಿಸಿ, ಸಿಡುಬಿನಿಂದ ಕಾಪಾಡಲೆಂದು ಆರೋಗ್ಯವಂತರ ತೋಳಿಗೆ ಚುಚ್ಚುತ್ತಿದ್ದವರು ಬ್ರಾಹ್ಮಣರು. ಹಾಲ್ವೆಲ್ ಎಂಬ ಇಂಗ್ಲಿಷ್ ವೈದ್ಯ 1767ರಲ್ಲಿ ಇದನ್ನು ಲಂಡನ್ನಿನ ವೈದ್ಯರಿಗೆ ಬರೆದು ತಿಳಿಸಿದ. 1721ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇಂಥದೇ ಚುಚ್ಚುವಿಕೆಗಾಗಿ ಹೋರಾಡಿದವನು ಕಾಟನ್ ಮೇದರ್ ಎಂಬ ಪಾದ್ರಿ, ವಿರೋಧಿಸಿದವನು ಡಗ್ಲಸ್ ಎಂಬ ವೈದ್ಯ. ಮೇದರನಿಗೆ ಆ ವಿದ್ಯೆ ತಿಳಿಸಿದ್ದು ಒನೆಸಿಮಸ್ ಎಂಬ ಆಫ್ರಿಕನ್ ಗುಲಾಮ. ಮರುವರ್ಷವೇ ಲಂಡನ್ನಿನ ಇನ್ನೊಬ್ಬ ಪಾದ್ರಿ, ರೋಗ ದೇವರು ಕೊಡುವ ಪರೀಕ್ಷೆ, ಅದಕ್ಕೆ ಅಡ್ಡ ಬರಬಾರದು ಎಂದು ಉಪದೇಶ ಮಾಡಿದ.

1796ರಲ್ಲಿ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯ ಹಸುವಿನ ಸಿಡುಬಿನಿಂದ ಲಸಿಕೆ ಕಂಡುಹಿಡಿದ. 1800ರಲ್ಲಿ ನಿಜಾಮ ನಮ್ಮ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1802ರ ಜೂನಿನಲ್ಲಿ ಲಸಿಕೆ ಮುಂಬಯಿ ತಲುಪಿ, ಅಲ್ಲಿಂದ ನಮ್ಮ ಸೀಮೆ ಸೇರಿದ್ದ ಮದರಾಸು ಪ್ರಾಂತ್ಯಕ್ಕೂ ಬಂತು. ಆಗ ದೇವಿ, ಅಂದರೆ ಲಸಿಕೆ, ಹಾಕುತ್ತಿದ್ದದ್ದು ಒಂದು ಮಗುವಿನ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಂದರ ತೋಳಿಗೆ. ಯಾರದೋ ಮೈಯ ರಸ ತಮ್ಮ ಮಗುವಿಗೆ ಬೇಡವೆಂದು ಜನ ಹಿಂಜರಿದರು. ಅದರಲ್ಲಿ ಜಾತಿಯ ಮಡಿಯೂ ಇತ್ತು, ಅದು ಸರಿಯಲ್ಲ. ಆದರೆ ಅಧಿಕಾರಿಗಳು ಆ ಹಿಂಜರಿಕೆಯನ್ನೆಲ್ಲ ಮೌಢ್ಯವೆಂದು ಬರೆದಿಟ್ಟದ್ದು ಅನ್ಯಾಯ. ತೋಳಿನಿಂದ ತೋಳಿಗೆ ಸಿಫಿಲಿಸ್‌ನಂಥ ರೋಗ ದಾಟಬಲ್ಲದೆಂದು ಮುಂದೆ ಯುರೋಪಿನ ವೈದ್ಯರೇ ಒಪ್ಪಿಕೊಂಡರು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಕರುವಿನ ಮೈಮೇಲೆ ಲಸಿಕೆ ಬೆಳೆಸುವ ಪದ್ಧತಿ ರೂಢಿಗೆ ಬಂತು.