ಹೊಸ ನೀರಿಗೆ ಹತ್ತುವ ಮೀನು
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿ ಹಬ್ಬದ ದಿನ ಮೀನಿನ ವಿಚಾರ ಯಾಕಪ್ಪಾ ಅಂತ ತಾವು ಕೇಳಬಹುದು. ಲೆಕ್ಕಪತ್ರ ಕಾರ್ಯದರ್ಶಿಗಳು ಓದುತ್ತಾರೆ, ನಾವು ಬೇರೆ ಲೆಕ್ಕ ಹೇಳುತ್ತೇವೆ.

ಮುಂಗಾರಿನಲ್ಲಿ ಹಳ್ಳಕ್ಕೆ ಹೊಸ ನೀರು ಬಂದ ರಾತ್ರಿ ನಮ್ಮ ಕಡೆ ಹುಡುಗರು ಟಾರ್ಚು ಹಿಡಿದು ಓಡುವುದುಂಟು. ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ಎದುರು ನೀರಿಗೆ ಹತ್ತೋ ಗೆಂಡೆಗೆ ಹಳ್ಳದ ಬಾಯಲ್ಲೇ ಬಲೆ. ಬಿತ್ತನೆ ಭತ್ತ ಕುಟ್ಟಿ ಉಣ್ಣೋ ಮನೆ ನಮ್ಮಲ್ಲಿ ಒಂದಾದರೂ ಐತಾ? ಮೀನಿಗೆ ಮಾತ್ರ ಆ ಲೆಕ್ಕ ಇಲ್ಲ.

ಕರಾವಳಿಯಲ್ಲಿ ಸರ್ಕಾರ ಈ ಲೆಕ್ಕ ಹಾಕಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪಕ್ಕದ ಕೇರಳದಲ್ಲಿ ಟ್ರಾಲ್ ದೋಣಿಗೆ 52 ದಿನ. ಬೂತಾಯಿ, ಬಂಗುಡೆ ಗಡಿಕಲ್ಲು ನೋಡಿಕೊಂಡು ಈಜುತ್ತವೆಯೇ? ಒಂದೇ ನೀರಿಗೆ ಎರಡು ರಾಜ್ಯದ ಲೆಕ್ಕ ಅಂದರೆ ಏನು ಅಂತ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೋಣಿ ನಿಂತ ಕಾಲಕ್ಕೆ ಉಳಿತಾಯ-ಪರಿಹಾರ ಯೋಜನೆ ಉಂಟು. ಮೀನುಗಾರ ತನ್ನ ಪಾಲು ಕಟ್ಟಿದರೆ ಕೇಂದ್ರ, ರಾಜ್ಯ ತಮ್ಮ ಪಾಲು ಸೇರಿಸಿ ಕೊಡುತ್ತವೆ. ಒಂದು ಸಂಸಾರಕ್ಕೆ ಅದು ಎಷ್ಟು ದಿನ ಬಂದೀತು, ತಾವೇ ಹೇಳಿ.

ಇನ್ನು ನಮ್ಮ ಕಾವೇರಿ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಡೆ ಹೊಳೆಯಲ್ಲಿ ಗೂನು ಬೆನ್ನಿನ ಮಹಶೀರ್ ಅಂತ ಒಂದು ಮೀನು. ಮಳೆಗಾಲದ ನೀರಿಗೆ ಮೇಲಕ್ಕೆ ಹತ್ತುವ ಜಾತಿ. 1946ರಲ್ಲಿ ಕಬಿನಿಯಲ್ಲಿ ಹಿಡಿದ ಒಂದು ಮಹಶೀರ್ 120 ಪೌಂಡು ತೂಗಿತು. ಅಂದರೆ 54 ಕೆ.ಜಿ., ಸಿಮೆಂಟು ಮೂಟೆಗಿಂತ ಭಾರ! ಅಡ್ಡ ಅಣೆಕಟ್ಟುಗಳು ಬಂದವು. ತೋಟೆ, ವಿಷ ಹಾಕಬಾರದೆಂದು 1897ರಲ್ಲೇ ಕಾನೂನು ಬಂದಿದ್ದರೂ ತೋಟೆ ಸಿಡಿಯುವುದು ನಿಲ್ಲಲಿಲ್ಲ. ಕೊರತೆ ತುಂಬಲು 1970ರ ದಶಕದ ಕೊನೆಯಿಂದ ನೀಲಿ ರೆಕ್ಕೆಯ ಬೇರೆ ಜಾತಿ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಹೊರಗಿನದು ಹೆಚ್ಚಿತು, ನಮ್ಮದು ಕರಗಿತು. 2018ರಲ್ಲಿ ಅದನ್ನು ಅಳಿವಿನ ಅಂಚಿನ ಮೀನುಗಳ ಜಾಗತಿಕ ಪಟ್ಟಿಗೆ ಸೇರಿಸಿದರು.

ಇದು ತಿಳಿದದ್ದಾದರೂ ಹೇಗೆ? ಗಾಲಿಬೋರೆಯಲ್ಲಿ ಗಾಳ ಹಾಕುವವರು ಹಿಡಿದು ಮತ್ತೆ ನೀರಿಗೆ ಬಿಟ್ಟ ಮೀನಿನ ಲೆಕ್ಕವನ್ನು 1998ರಿಂದ 2012ರವರೆಗೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಭಯಾರಣ್ಯದ ನಿಯಮದಂತೆ ಗಾಳ ನಿಂತಿತು. ಪುಸ್ತಕವೂ ನಿಂತಿತು, ಹೊಳೆ ಕಾಯುತ್ತಿದ್ದ ಊರವರ ಕೆಲಸವೂ ಹೋಯಿತು. ಕಾನೂನು ಬೇಡ ಅಂತ ನಾವು ಹೇಳುತ್ತಿಲ್ಲ. ದಂಡೆಯವರನ್ನು ಮನೆಗೆ ಕಳಿಸಿ ಹೊಳೆ ಕಾಯಲು ಆಗೋದಿಲ್ಲ, ಅಷ್ಟೇ. ಪುಸ್ತಕ ಬರೆಯದೆ ನಮ್ಮ ಸಂಘ ಒಂದು ವರ್ಷ ನಡೆದೀತೇ?

ಆದ್ದರಿಂದ ಮುಂದಿನ ಸರ್ವ ಸದಸ್ಯರ ಸಭೆಗೆ ನಮ್ಮ ಸಲಹೆ ಇಷ್ಟು. ಮುಂಗಾರಿನ ಹೊಸ ನೀರು ಬಂದ ಮೊದಲ ವಾರ ಕೆರೆಗೆ ಬರುವ ಹಳ್ಳಕ್ಕೆ, ಕೋಡಿಗೆ ಯಾರೂ ಬಲೆ ಕಟ್ಟಬಾರದು. ತೋಟೆ, ವಿಷ ಯಾವ ಕಾಲಕ್ಕೂ ಬೇಡ, ಅದೇ ನೀರನ್ನು ನಮ್ಮ ದನಕರು ಕುಡಿಯೋದು. ಮೀನು ಹಿಡಿದು ಬದುಕುವವರನ್ನು ಸಭೆಗೆ ಮೊದಲೇ ಕರೆಯೋಣ. ಅವರ ಹೊಟ್ಟೆಪಾಡಿನ ಮಾತು ಮುಗಿದ ಮೇಲೆ ಠರಾವು ಬರೆಯೋಣ. ಮೀನುಗಾರಿಕೆ ಇಲಾಖೆಯವರಿಗೂ ಒಂದು ಅರ್ಜಿ ಹೋಗಲಿ.

ಊಟದ ಹೊತ್ತಾಯಿತು.