ಮನೆಯ ಮರಕ್ಕೆ ಕತ್ತಿ ಹಾಕಿಸುವ ಮೊದಲು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ತಕ್ಕ ವಿದ್ವತ್ತು ನಮಗಿಲ್ಲ. ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಹೊಟ್ಟೆ ಹೊರೆಯುವವರು ನಾವು. ಆದರೂ ಕಾರ್ಯದರ್ಶಿಗಳು "ನಿಮ್ಮ ಮನೆಯ ಬೇವಿನ ಮರದ ಕಥೆಯನ್ನೇ ಹೇಳಿಬಿಡಿ, ನಾಲ್ಕು ಜನಕ್ಕೆ ಉಪಯೋಗವಾದೀತು" ಎಂದು ಒತ್ತಾಯಿಸಿದುದರಿಂದ ಎದ್ದು ನಿಂತಿದ್ದೇವೆ. ಕಥೆಯಲ್ಲಿ ನಮ್ಮ ಪೆದ್ದತನವೇ ಹೆಚ್ಚು. ತಾವು ನಕ್ಕರೆ ನಮಗೆ ಬೇಸರವಿಲ್ಲ.

ತಿಪಟೂರಿನ ಕಡೆಯವರಾದ ನಾವು ಸಂಸಾರ ಸಮೇತ ಪರವಾಡಕ್ಕೆ ಬಂದುದು 2018ರಲ್ಲಿ. ಆಗ ಅದು ವಿಶಾಖಪಟ್ಟಣ ಜಿಲ್ಲೆಗೆ ಸೇರಿತ್ತು. 2022ರ ಏಪ್ರಿಲಿನಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಒಂದು ಕಡೆ ಸಿಂಹಾದ್ರಿ ವಿದ್ಯುತ್ ಸ್ಥಾವರ, ಇನ್ನೊಂದು ಕಡೆ ಔಷಧದ ಕಾರ್ಖಾನೆಗಳು. ಬಾಡಿಗೆಗೆ ಸಿಕ್ಕಿದ ಮನೆಯಲ್ಲಿ ಹೇಳಿಕೊಳ್ಳುವಂತಹುದು ಪಶ್ಚಿಮದ ಗೋಡೆಯ ಪಕ್ಕದಲ್ಲಿದ್ದ ಬೇವಿನ ಮರವೊಂದೇ. ಮನೆಯೊಡತಿ ಎಪ್ಪತ್ತು ದಾಟಿದ ಹಿರಿಯರು. ಮದುವೆಯಾಗಿ ಬಂದ ವರ್ಷ ತಾವೇ ನೆಟ್ಟ ಮರವೆಂದು ಹೇಳುತ್ತಿದ್ದರು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ದಡಕ್ಕೆ ಬಡಿದಾಗ ಈ ಸೀಮೆಯಲ್ಲಿ ಉರುಳಿದ ಮರಗಳಿಗೆ ಲೆಕ್ಕವಿಲ್ಲ. ಅಂದು ಇಲ್ಲಿದ್ದವರು ತಾವು, ಕಣ್ಣಾರೆ ಕಂಡಿದ್ದೀರಿ. ಈ ಬೇವು ಮಾತ್ರ ಒಂದೆರಡು ಕೊಂಬೆ ಕಳೆದುಕೊಂಡು ನಿಂತೇ ಇತ್ತು. ಬಾಡಿಗೆಯ ಕರಾರಿನಲ್ಲಿ ಬರೆಯದೆ ಆಕೆ ಬಾಯಲ್ಲಿ ಹೇಳಿದ ಷರತ್ತೆಂದರೆ ಮರವನ್ನು ನೋಡಿಕೊಳ್ಳಬೇಕೆಂಬುದು. ನಮ್ಮ ತಾಯಿಯವರು ಬೇಸಗೆಯ ಮಧ್ಯಾಹ್ನಗಳನ್ನೆಲ್ಲ ಅದರ ನೆರಳು ಬೀಳುವ ಕೋಣೆಯಲ್ಲೇ ಕಳೆಯುತ್ತಿದ್ದರು.

ಮರುವರ್ಷ ಒಂದು ಕೊಂಬೆ ಪಕ್ಕದ ಮನೆಯವರ ಶೀಟಿನ ಸೂರಿನ ಮೇಲೆ ಬಾಗಿತು. ಗಾಳಿಮಳೆಯ ಕಾಲ ಬರುವ ಮುಂಚೆ ಅದನ್ನು ತೆಗೆಸಬೇಕೆಂದು ಮರ ಕಡಿಯುವವನನ್ನು ಕರೆಸಿದೆವು. ಎಂಟುನೂರು ರೂಪಾಯಿಗೆ ಮಾತಾಯಿತು. ಅಗ್ಗವಾಯಿತೆಂದು ಒಳಗೊಳಗೇ ಹಿಗ್ಗಿದೆವು. ಆತ ಮರವನ್ನು ಮೇಲಿನಿಂದ ಕೆಳಕ್ಕೆ ನೋಡಿ "ಮೊತ್ತಂ ಕೊಟ್ಟೆಯ್ಯಮಂಟಾರಾ?" ಎಂದು ಕೇಳಿದ.

ನಮ್ಮ ಅಂದಿನ ತೆಲುಗು ಹಣ ಕಟ್ಟುವುದಕ್ಕೆ, ಹಣ ತೆಗೆಯುವುದಕ್ಕೆ ಸಾಕಾಗುವಷ್ಟು. ಕನ್ನಡಿಗನ ಕಿವಿಗೆ, ಅದರಲ್ಲೂ ಬ್ಯಾಂಕಿನವನ ಕಿವಿಗೆ, ಮೊತ್ತವೆಂದರೆ ಹಣವಲ್ಲದೆ ಇನ್ನೇನು? ಕೊಟ್ಟು ಎಂದರೆ ಕೊಡುವುದಲ್ಲವೆ? ಹಣವನ್ನು ಪೂರ್ತಿ ಈಗಲೇ ಕೊಡುವಿರಾ ಎಂದು ಕೇಳುತ್ತಿದ್ದಾನೆಂದು ತಿಳಿದು "ಅವುನವುನು, ಮೊತ್ತಂ!" ಎಂದು ಎಂಟುನೂರನ್ನೂ ಎಣಿಸಿ ಕೈಗಿಟ್ಟು ಬ್ಯಾಂಕಿಗೆ ಹೊರಟೆವು. ಆತ ಕೇಳಿದ್ದಾದರೋ, ಪೂರ್ತಿ ಕಡಿದುಬಿಡಲೆ ಎಂದು. ತೆಲುಗಿನಲ್ಲಿ ಕೊಟ್ಟುವುದೆಂದರೆ ಹೊಡೆಯುವುದು, ಕಡಿಯುವುದು.

ಸಂಜೆ ಬಂದು ನೋಡಿದರೆ ಮರದ ಕಾಂಡದ ಮೇಲೆ ಮೂರು ಮೊಂಡು ತೋಳುಗಳಿದ್ದವು. ಒಂದೆಲೆ ಇರಲಿಲ್ಲ. ಸೌದೆ ಆಗಲೇ ಗಾಡಿ ಹತ್ತಿ ಹೋಗಿತ್ತು. ತಾಯಿಯವರ ಕೋಣೆಯ ಗೋಡೆಯ ಮೇಲೆ ಬಿಸಿಲು ಚಾಚಿ ಬಿದ್ದಿತ್ತು. ಸುದ್ದಿ ತಿಳಿದು ಮನೆಯೊಡತಿ ಬಂದರು. ನಾವು ತಡವರಿಸುತ್ತ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಹುದ್‌ಹುದ್ ಬಿಟ್ಟುಹೋಗಿತ್ತು, ನೀವು ಬಿಡಲಿಲ್ಲವಲ್ಲ ಬಾಬೂ" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಕಡಿದವನ ಮೇಲೆ ತಪ್ಪು ಹೊರಿಸುವುದು ಸುಲಭ. ಆತನಾದರೋ ಕೇಳಿಯೇ ಕಡಿದಿದ್ದ. ಆದರೆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕುತ್ತ ಕುಳಿತಾಗ ಹೊಳೆಯಿತು, ಕೂಲಿ ಎಂಟುನೂರಕ್ಕೆ ಇಳಿದುದಾದರೂ ಏತಕ್ಕೆ ಎಂದು. ಸೌದೆ ಅವನದೆಂಬುದು ಒಪ್ಪಂದದ ಇನ್ನರ್ಧ. ಹೆಚ್ಚು ಕಡಿದಷ್ಟೂ ಅವನಿಗೆ ಹೆಚ್ಚು ಸೌದೆ. ಇಂತಹ ಕರಾರಿಗೆ ನಾವೇ ಒಪ್ಪಿ, ಆಮೇಲೆ ಅವನು ಕೈ ಬಿಗಿಹಿಡಿದು ಕಡಿಯಲಿ ಎಂದು ಬಯಸುವುದು ಯಾವ ನ್ಯಾಯ? ಅಂದಿನಿಂದ ನಮ್ಮಲ್ಲಿ ಕೂಲಿಯೇ ಬೇರೆ, ಸೌದೆಯೇ ಬೇರೆ. ಕೂಲಿ ದುಪ್ಪಟ್ಟಾದರೂ ಚಿಂತೆಯಿಲ್ಲ, ಸೌದೆ ನಮ್ಮಲ್ಲೇ ಉಳಿಯಬೇಕು. (ಚಿಂತ ಚೆಟ್ಟು ಎಂದರೆ ಇಲ್ಲಿ ಹುಣಸೆಮರ. ಅದರಿಂದಲೂ ಒಮ್ಮೆ ಫಜೀತಿಯಾಗಿದೆ, ಇಂದು ಬೇಡ.)

ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರು ಬಂದು ಮೊಂಡು ತೋಳುಗಳನ್ನು ನೋಡಿ ತಲೆಯಾಡಿಸಿದರು. ಎಲೆಯೇ ಮರದ ಅಡಿಗೆಮನೆಯೆಂದೂ, ಒಂದು ವರ್ಷದಲ್ಲಿ ಹಸಿರಿನ ಕಾಲುಪಾಲಿಗಿಂತ ಹೆಚ್ಚು ತೆಗೆಯಬಾರದೆಂದೂ ಹೇಳಿದರು. ತಲೆ ಕಡಿದ ಮರ ಸಾಯದೆ ಚಿಗುರೀತು. ಆದರೆ ಆ ಚಿಗುರು ಬೆಳೆದು ಕೊಂಬೆಯಾದರೂ ಅದರ ಹಿಡಿತ ತೊಗಟೆಯ ಹತ್ತಿರವೇ ಹೊರತು ಮರದೊಳಕ್ಕೆ ಇರುವುದಿಲ್ಲ. ಗಾಳಿಗೆ ಮೊದಲು ಮುರಿದು ಬೀಳುವುದು ಅದೇ. ಕೆಳಗೆ ಗಾಯದಿಂದ ಕೊಳೆ ಇಳಿಯುತ್ತದೆ. ಗಾಳಿಗೆ ಹೆದರಿ ಮರದ ತಲೆ ತೆಗೆಸುವವರು ಮುಂದಿನ ಗಾಳಿಗೆ ಅಪಾಯವನ್ನು ಸಾಕಿಕೊಂಡಂತೆ.

ಕೊಂಬೆ ತೆಗೆಯುವ ಕ್ರಮವನ್ನೂ ಅವರೇ ತೋರಿಸಿದರು. ಕಾಂಡದಿಂದ ಒಂದೂವರೆ ಅಡಿ ಆಚೆಗೆ ಮೊದಲು ಕೆಳಗಡೆಯಿಂದ ಮೂರರಲ್ಲೊಂದು ಭಾಗದಷ್ಟು ಗರಗಸ ಆಡಿಸಬೇಕು. ಅದಕ್ಕೂ ತುಸು ಆಚೆ ಮೇಲಿನಿಂದ ಕೊಯ್ಯಬೇಕು. ಆಗ ಕೊಂಬೆ ತೊಗಟೆಯನ್ನು ಸುಲಿದುಕೊಳ್ಳದೆ ಬೀಳುತ್ತದೆ. ಉಳಿದ ಮೋಟನ್ನು ಮೂರನೆಯ ಸಲ ಕೊಯ್ಯುವುದು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಕೊರಳಪಟ್ಟಿಯಂತೆ ಒಂದು ಉಬ್ಬು ಕಾಣುತ್ತದೆ. ಅದನ್ನು ಮುಟ್ಟದೆ, ಅದರ ಹೊರಗೆ ಕೊಯ್ಯಬೇಕು. ಗಾಯವನ್ನು ಮುಚ್ಚುವ ಶಕ್ತಿ ಆ ಉಬ್ಬಿನಲ್ಲಿದೆ. ಕತ್ತಿಯಿಂದ ಹೊಡೆದು ಸೀಳಿದರೆ ಇದಾವುದೂ ಆಗದು.

ಬಂದವನ ಹತ್ತಿರ ಗರಗಸ, ಹಗ್ಗ, ಸೊಂಟದ ಪಟ್ಟಿ ಇವೆಯೆ ನೋಡಿ. ಪಟ್ಟಿಯಿಲ್ಲದವನನ್ನು ಹತ್ತಿಸಬೇಡಿ, ಅವನ ಮನೆಯಲ್ಲೂ ಕಾಯುವವರಿರುತ್ತಾರೆ. ತಂತಿಯ ಹತ್ತಿರದ ಕೊಂಬೆಯಾದರೆ ವಿದ್ಯುತ್ ಕಚೇರಿಗೆ ತಿಳಿಸಿ, ಲೈನ್‌ಮ್ಯಾನ್ ಬಂದು ಪ್ರವಾಹ ನಿಲ್ಲಿಸಿದ ಮೇಲೆಯೇ ಕೈಹಾಕಬೇಕು. ಮರವನ್ನೇ ಉರುಳಿಸುವುದಾದರೆ ಆಂಧ್ರದಲ್ಲಿ 2002ರ ಜಲ, ಭೂಮಿ, ವೃಕ್ಷ ಕಾಯಿದೆಯುಂಟು; ಇಲ್ಲಿ ವಾಲ್ಟಾ ಎನ್ನುತ್ತಾರೆ. ಅನುಮತಿ ಬೇಕು. ಊರಲ್ಲಿರುವ ನಮ್ಮ ತೋಟಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣ ಕಾಯಿದೆ ಇದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ ಕೇಳಿಕೊಂಡು ಮುಂದುವರಿಯುವುದು ಕ್ಷೇಮ. ಬಾಡಿಗೆಮನೆಯಾದರೆ ಮನೆಯವರನ್ನು ಕೇಳುವುದು ಕಾಯಿದೆಗಿಂತ ಮೊದಲು.

ವಿಜಯವಾಡದಿಂದ ಬಂದ ಬಂಧುಗಳಿಗೆ ಒಂದು ಮಾತು. 2024ರ ಸೆಪ್ಟೆಂಬರಿನ ಬುಡಮೇರು ಪ್ರವಾಹದಂತೆ ನೀರು ನುಗ್ಗಿ ಇಳಿದ ಮೇಲೆ ಬುಡದಲ್ಲಿ ನಿಂತ ಹೂಳನ್ನು ಎತ್ತಿಸಿ. ಬೇರಿಗೂ ಉಸಿರು ಬೇಕು. ಬುಡಕ್ಕೆ ಒತ್ತಿ ಸಿಮೆಂಟು ಹಾಕಿಸುವುದೂ ಹೂಳಿನಷ್ಟೇ ಕೆಟ್ಟದ್ದು. ಅಂಗಳ ಚೊಕ್ಕಟವಾಗಿರಲೆಂಬ ಆಸೆ ಎಲ್ಲರಿಗೂ ಇದೆ, ಆದರೂ ಸುತ್ತ ಒಂದು ಗಜ ಮಣ್ಣು ಬಿಡಿ.

ನಮ್ಮ ಬೇವು ಚಿಗುರಿತು. ಪೊದೆಯಂತೆ ಎದ್ದ ಚಿಗುರುಗಳಲ್ಲಿ ತೋಳಿಗೆ ಎರಡನ್ನು ಉಳಿಸಿ ಮಿಕ್ಕವನ್ನು ವರ್ಷವರ್ಷ ಸ್ವಲ್ಪಸ್ವಲ್ಪವಾಗಿ ತೆಗೆದೆವು. ಇನ್ನೇನು ಬದುಕಿತು ಎನ್ನುವಾಗ, 2021ರ ಕೊನೆಯಲ್ಲಿ ತುದಿಗಳೆಲ್ಲ ಸುಟ್ಟಂತೆ ಒಣಗಿದವು. ನಮ್ಮ ಪಾಪವೇ ತಿರುಗಿ ಬಂತೆಂದು ಎದೆ ಒಡೆಯಿತು. ಆದರೆ ರಸ್ತೆಗೆ ಬಂದು ನೋಡಿದರೆ ಯಾರೂ ಮುಟ್ಟದ ಬೇವುಗಳೂ ಹಾಗೆಯೇ ಒಣಗಿದ್ದವು. ಅದು ಬೇವಿನ ತುದಿ ಒಣಗುವ ರೋಗ. ಅದನ್ನು ತರುವ ಶಿಲೀಂಧ್ರವನ್ನು ಹೊಸ ಜಾತಿಯೆಂದು 1997ರಲ್ಲಿ ವರ್ಣಿಸಿದವರು ಮೈಸೂರು ವಿಶ್ವವಿದ್ಯಾನಿಲಯದವರೆಂದು ತಿಳಿದಾಗ, ಆ ಸಂಕಟದಲ್ಲೂ ಸ್ವಲ್ಪ ಹೆಮ್ಮೆಯಾದುದನ್ನು ಮುಚ್ಚಿಡಲಾರೆವು. ಅಕ್ಕಪಕ್ಕದವರು ಸತ್ತ ಮರವನ್ನು ಇಟ್ಟುಕೊಂಡು ಏನು ಮಾಡುವಿರಿ ಎಂದರು. ನಾವು ಒಣಗಿದ ತುದಿಗಳನ್ನಷ್ಟೇ ತೆಗೆಸಿ ಕಾದೆವು. ಬೇಸಗೆಯಲ್ಲಿ ಕೆಂಪು ಚಿಗುರು ಹೊರಟಿತು. ಮನೆಯೊಡತಿ ಬಂದು, ಒಂದು ಎಲೆ ಕಿತ್ತು, ಕೈಯಲ್ಲಿ ತಿಕ್ಕಿ ಮೂಸಿದರು.

ಈ ವರ್ಷ ಜೂನಿನಲ್ಲಿ ಮತ್ತೆ ಒಂದು ಕೊಂಬೆ ತೆಗೆಸಬೇಕಾಯಿತು. ಅದೇ ಮನುಷ್ಯನನ್ನೇ ಕರೆಸಿದೆವು. ಬೇರೆಯವರನ್ನು ಹುಡುಕಿ ಎಂದು ತಾಯಿಯವರು ಹೇಳಿದರೂ, ಪಾಠ ಕಲಿತ ಇಬ್ಬರು ಒಟ್ಟಿಗಿರುವುದು ಒಳ್ಳೆಯದೆಂದು ನಮಗೆ ತೋರಿತು. ತೆಗೆಯಬೇಕಾದ ಕೊಂಬೆಗೆ ಮೊದಲೇ ಸುಣ್ಣದ ಪಟ್ಟೆ ಬಳಿದಿದ್ದೆವು. ಬ್ಯಾಂಕಿಗೆ ರಜಾ ಹಾಕಿ ಬುಡದಲ್ಲೇ ನಿಂತಿದ್ದೆವು. ಆತ ಸೊಂಟಕ್ಕೆ ಪಟ್ಟಿ ಬಿಗಿದು ಅರ್ಧ ಹತ್ತಿ, ಸುಣ್ಣದ ಗುರುತಿನ ಮೇಲೆ ಕೈಯಿಟ್ಟು, ಕೆಳಗೆ ನಮ್ಮತ್ತ ನೋಡಿ ನಕ್ಕು ಕೇಳಿದ: "ಮೊತ್ತಂ ಕಾದು ಕದಾ, ಬಾಬೂ?"